ಏಳನೇ ಬೆಡ್ಡಿನ ನಾದಿನಿ

ನನಗೆ ಸಿಟ್ಟು ಬರುವುದೂ ಬೇಗ, ಇಳಿಯುವುದೂ ಬೇಗ. ಗಂಟಲಂತೂ ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ರಾಮನಗರದ ನಮ್ಮ ಹೆರಿಗೆ ವಾರ್ಡಿನಲ್ಲಿ ನಾನು ಬಾಯಿ ತೆರೆದರೆ ಹೊರಗೆ ಬೇವಿನ ಮರದ ಕೆಳಗೆ ಕೂತ ಗಂಡಸರಿಗೂ ಕೇಳಿಸುತ್ತದೆ. “ಸಿಸ್ಟರಮ್ಮ ಬಂದ್ರು, ಬೀಡಿ ಆರುಸ್ಲಾ” ಎಂದು ಅವರು ಒಬ್ಬರನ್ನೊಬ್ಬರು ಎಚ್ಚರಿಸುವುದು ನನಗೂ ಕೇಳಿಸುತ್ತದೆ. ಚನ್ನಪಟ್ಟಣದಿಂದ ಬೆಳಗಿನ ಬಸ್ಸು ಹತ್ತಿ, ಕೆಂಗಲ್ ದಾಟುವಾಗ ಕಿಟಕಿಯಿಂದಲೇ ಆಂಜನೇಯನಿಗೆ ಕೈಮುಗಿದು, “ಇವತ್ತು ಎಲ್ಲ ಸಲೀಸಾಗಿ ಹೆರಲಪ್ಪಾ” ಎಂದು ಕೇಳಿಕೊಳ್ಳುವುದು ನನ್ನ ನಿತ್ಯದ ಪದ್ಧತಿ.

ಹೆರಿಗೆ ವಾರ್ಡಿನಲ್ಲಿ ಕೈಗಿಂತ ಕಿವಿಗೇ ಕೆಲಸ ಜಾಸ್ತಿ. ನಮ್ಮ ಸೀಮೆಯ ಹೆಂಗಸರನ್ನೇ ತೆಗೆದುಕೊಳ್ಳಿ. “ನೋವು ಐತಾ?” ಅಂದರೆ “ಒಸಿ ಐತೆ” ಅನ್ನುತ್ತಾರೆ. ಆ ‘ಒಸಿ’ಯನ್ನು ನಂಬಿದರೆ ಕೆಟ್ಟೆವು! ಕನಕಪುರದ ಕಡೆಯ ಒಬ್ಬಳು “ಒಸಿ” ಅಂದು ಬಾಯಿ ಮುಚ್ಚುವುದರೊಳಗೆ ಮಗುವಿನ ತಲೆ ನನ್ನ ಕೈಯಲ್ಲಿತ್ತು. ಇನ್ನು ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳು ಬೆಳೆದಂತೆ ಅಲ್ಲಿ ದುಡಿಯಲು ಬಂದ ಬಿಹಾರ, ಒಡಿಶಾ, ಅಸ್ಸಾಮಿನ ಕುಟುಂಬಗಳ ಹೆಂಗಸರೂ ನಮ್ಮಲ್ಲಿಗೆ ಬರುತ್ತಾರೆ. ಅವರ ಜೊತೆ ಮಾತಾಡಲು ನನ್ನ ಹತ್ತಿರ ಇರುವುದು ಟಿ.ವಿ. ಧಾರಾವಾಹಿಗಳಿಂದ ಕಲಿತ ಹಿಂದಿ. ಅದರಲ್ಲಿ ಅತ್ತೆ, ಸೊಸೆ, ನಾದಿನಿ, ಓರಗಿತ್ತಿಯರ ಜಗಳಕ್ಕೆ ಬೇಕಾದ ಮಾತುಗಳೆಲ್ಲ ಇವೆ. ಹೊಟ್ಟೆನೋವಿಗೆ ಬೇಕಾದ ಒಂದು ಮಾತೂ ಇಲ್ಲ. ಜೊತೆಯ ಸಿಸ್ಟರುಗಳು ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಾರೆ.

ಆ ದಿನ ಡ್ಯೂಟಿಗೆ ಬರುವಷ್ಟರಲ್ಲಿ ಏಳನೇ ಬೆಡ್ಡಿನಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಬಿಹಾರದ ಹುಡುಗಿ, ಚೊಚ್ಚಲು. ಗಂಡ ಬಿಡದಿಯ ಕಾರ್ಖಾನೆಯೊಂದರಲ್ಲಿ ಪೇಂಟಿಂಗ್ ಕೆಲಸದವನು. ನಸುಕಿನಲ್ಲಿ ಹೆಣ್ಣು ಮಗು ಹುಟ್ಟಿತ್ತು, ತೂಕ ಕಡಿಮೆ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ್ದಳು. ರಾತ್ರಿ ಪಾಳಿಯ ಸಿಸ್ಟರ್ ಹೋಗುತ್ತ ಹೇಳಿದಳು: “ಹಾಲು ಕೊಡಲ್ಲ ಅಂತಾಳೆ ಕಣೇ. ಎದೆ ಹತ್ರ ಮಗು ಇಟ್ರೆ ಬ್ಲೌಸು ಗಟ್ಟಿ ಹಿಡ್ಕೊಂಡು ತಲೆ ಆಡಿಸ್ತಾಳೆ. ನಿನ್ನ ಹಿಂದಿ ಏನಾದ್ರೂ ಕೆಲಸಕ್ಕೆ ಬರುತ್ತೇನೋ ನೋಡು.”

ನಾನೂ ಮಗುವನ್ನೆತ್ತಿ ಮಡಿಲಿಗಿಟ್ಟೆ. “ದೂಧ್, ದೂಧ್” ಅಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿಕೊಂಡಳು. ಹಾಲು ಇಲ್ಲವೇನೋ ಅಂದರೆ, ಬ್ಲೌಸು ನೆನೆದು ಸೋರುತ್ತಿದೆ!

ಎಂಟನೇ ಬೆಡ್ಡಿನಲ್ಲಿದ್ದ ಬಾಣಂತಿಯ ತಾಯಿ ಮಾಗಡಿ ಕಡೆಯವರು, ದಿನಸಿ ಅಂಗಡಿಯ ಮನೆತನ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಆಯಮ್ಮ ತೀರ್ಪು ಕೊಟ್ಟೇ ಬಿಟ್ಟರು: “ಎಣ್ಣು ಉಟ್ತು ಅಂತ ಮೊಕ ತಿರುಗುಸ್ಕಂಡವ್ಳೆ ಬುಡವ್ವ. ಆ ಕಡೆ ಜನ ಅಂಗೇಯ. ಎಣ್ಣು ಅಂದ್ರೆ ಆಗಾಕಿಲ್ಲ ಅವ್ರಿಗೆ.” ಇಡೀ ವಾರ್ಡು ಹೌದು ಹೌದು ಅಂದಿತು. ಒಬ್ಬರಂತೂ ಲೊಚಗುಟ್ಟಿ, “ಅಯ್ಯೋ ಪಾಪಿ” ಎಂದೂ ಸೇರಿಸಿದರು.

ನನಗೆ ಮಾತ್ರ ಹೌದು ಅನ್ನಲು ಆಗಲಿಲ್ಲ. ಯಾಕೆಂದರೆ ಪಕ್ಕದ ಬೆಡ್ಡಿಗೆ ಡ್ರಿಪ್ ಹಾಕುತ್ತಿದ್ದಾಗ ನಾನು ವಾರೆಗಣ್ಣಿನಲ್ಲಿ ನೋಡಿದ್ದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಆ ಹುಡುಗಿ ಮಗುವಿನ ಪಾದವನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. ಕಣ್ಣಿನ ಕಾಡಿಗೆಯನ್ನು ಬೆರಳಲ್ಲಿ ತೆಗೆದು ಅದರ ಅಂಗಾಲಿಗೆ ಬೊಟ್ಟು ಇಟ್ಟಿದ್ದಳು. ಬೇಡವಾದ ಮಗುವಿಗೆ ಯಾರಾದರೂ ದೃಷ್ಟಿಬೊಟ್ಟು ಇಡುತ್ತಾರಾ? “ಸುಮ್ನಿರಿ ಅಜ್ಜಿ, ನೀವೇನು ಅವಳ ಹೊಟ್ಟೆಯೊಳಗೆ ಹೊಕ್ಕು ನೋಡಿ ಬಂದಿರಾ?” ಎಂದು ರೇಗಿದೆ. ಆಯಮ್ಮ ಸೆರಗು ಕೊಡವಿ ಆ ಕಡೆ ತಿರುಗಿದರು.

ಅಷ್ಟರಲ್ಲಿ ಮಕ್ಕಳ ಡಾಕ್ಟರು ಬಂದರು. ಮಗುವಿನ ಹಿಮ್ಮಡಿಗೆ ಚುಚ್ಚಿ ಶುಗರ್ ನೋಡಿದರು, ತೀರಾ ಇಳಿದಿತ್ತು. ಮುಖ ಗಂಟಾಯಿತು. ಒಳಲೆಯಲ್ಲಿ ಪುಡಿಹಾಲು ಕೊಟ್ಟು ನೋಡಿದ್ದೆವು. ಕುಡಿದಷ್ಟನ್ನೂ ಮಗು ಕಕ್ಕಿತ್ತು. ಅಳುವ ದನಿಯೂ ಸಣ್ಣಗಾಗುತ್ತಿತ್ತು.

“ಇವಳ ಕಡೆಯವರು ಯಾರಿದ್ದೀರಿ?” ಎಂದು ಡಾಕ್ಟರು ಕೇಳಿದರು. ಬೇರೆ ಎಲ್ಲ ಬೆಡ್ಡುಗಳ ಪಕ್ಕದಲ್ಲೂ ತಾಯಿಯೋ ಅತ್ತೆಯೋ ಫ್ಲಾಸ್ಕು ಹಿಡಿದು ನಿಂತಿದ್ದರು. ಏಳನೇ ಬೆಡ್ಡಿನ ಪಕ್ಕದ ಸ್ಟೂಲು ಖಾಲಿ ಇತ್ತು.

ಡಾಕ್ಟರು ನನ್ನನ್ನು ಕರೆದು ಹೇಳಿದರು: “ಸಣ್ಣ ಮಗು, ಕಾಯೋದಕ್ಕೆ ಆಗಲ್ಲ. ಬೆಂಗಳೂರಿಗೆ ಕಳಿಸೋಣ. ತಾಯಿಗೆ ಬಿ.ಪಿ. ಏರಿದೆ, ಅವಳು ಹೋಗೋ ಹಾಗಿಲ್ಲ, ಮಗು ಮಾತ್ರ. ಆಂಬುಲೆನ್ಸು ಮಾಗಡಿಗೆ ಹೋಗಿದೆ. ಅದು ವಾಪಸ್ ಬರೋದ್ರೊಳಗೆ ತಾಯಿ ಹಾಲು ಕುಡಿದು ಶುಗರ್ ಏರಿದರೆ ಇಲ್ಲೇ ಇಟ್ಕೊಳ್ತೀನಿ.”

ತಾಯಿ ಇಲ್ಲಿ, ಮಗು ಅಲ್ಲಿ! ಎದೆಯಲ್ಲಿ ಹಾಲು ಸೋರುತ್ತಿದೆ, ಕೈಯಳತೆಯಲ್ಲಿ ಮಗು ಬಾಯಿ ತೆರೆಯುತ್ತಿದೆ, ನಡುವೆ ಏನೋ ಒಂದು ನಿಂತಿದೆ. ಆ ಏನೋ ಒಂದು ನನಗೆ ಗೊತ್ತಾಗಬೇಕಿತ್ತು, ಅದೂ ಮಾಗಡಿಯಿಂದ ಗಾಡಿ ಬರುವುದರೊಳಗೆ.

ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಆದ್ದರಿಂದ ನಾನೇ ಬೇವಿನ ಮರದ ಹತ್ತಿರ ಓಡಿದೆ. ಗಂಡ ಸಿಕ್ಕಿದ. ಎಳೆ ಮೀಸೆಯ ಹುಡುಗ, ಅಂಗಿಯ ತೋಳಿನಲ್ಲಿ ಬಣ್ಣದ ಕಲೆ. ಅವನು ಬಾಯಿ ತೆರೆದರೆ, ಕಾರ್ಖಾನೆಯಲ್ಲಿ ಕಲಿತದ್ದೇನೋ, ಅಪ್ಪಟ ನಮ್ಮ ಕಡೆಯ ಕನ್ನಡ!

“ನಮ್ ಉಡ್ಗಿ ಎಂಗವ್ಳೆ ಮೇಡಂ? ಮಗು ಹಾಲು ಕುಡೀತಾ?”

“ಕುಡಿಯೋದೆಲ್ಲಿ ಬಂತು! ನಿನ್ನ ಹೆಂಡ್ತಿ ಕೊಡ್ತಾನೇ ಇಲ್ಲ. ಯಾಕೆ ಅಂತ ಹೇಳು.”

ಅವನು ಗಾಬರಿಯಾದ. “ನಂಗೊತ್ತಿಲ್ಲ ಮೇಡಂ. ಎಂಗಸ್ರ ಇಸ್ಯ ಅಲ್ವಾ. ನಮ್ ಕಡೆ ಗಂಡುಸ್ರು ಕೇಳಾಂಗಿಲ್ಲ.”

ಯಾಕೆ ಎಂದು ಹತ್ತು ಸಲ ಕೇಳಿದ್ದರೂ ಅವನು ನೆಲ ನೋಡುತ್ತಲೇ ನಿಲ್ಲುತ್ತಿದ್ದ. ಆಗ ಏನು ಹೊಳೆಯಿತೋ, ಪ್ರಶ್ನೆಯನ್ನೇ ಬದಲಾಯಿಸಿದೆ. “ಹೋಗ್ಲಿ ಬಿಡು. ನಿಮ್ಮೂರಲ್ಲೇ ಈ ಮಗು ಹುಟ್ಟಿದ್ರೆ, ಬಾಣಂತಿ ಹತ್ರ ಮೊದ್ಲು ಯಾರು ಹೋಗೋರು?”

“ನನ್ ತಂಗಿ, ಊರಲ್ಲವ್ಳೆ” ಎಂದ ಥಟ್ಟನೆ. ಆಮೇಲೆ ಕಿವಿಯವರೆಗೂ ಕೆಂಪಾಗಿ, ಮರದ ಕಾಂಡಕ್ಕೆ ಹೇಳುವವನಂತೆ ಹೇಳಿದ. ಗಂಡನ ತಂಗಿ ಬಂದು ಬಾಣಂತಿಯ ಎದೆಯನ್ನು ತೊಳೆಯಬೇಕು. ಆಮೇಲೆಯೇ ಮಗುವಿಗೆ ಮೊದಲ ಹಾಲು. ತೊಳೆದ ನಾದಿನಿಗೆ ಅತ್ತಿಗೆ ಉಡುಗೊರೆ ಕೊಡಬೇಕು. ಅವರ ಮನೆಯಲ್ಲಿ ಅದಾಗದೆ ಯಾವ ಮಗುವೂ ಹಾಲು ಕುಡಿದದ್ದಿಲ್ಲ.

“ಮತ್ತೆ ಮೊದ್ಲೇ ಹೇಳೋಕೇನಾಗಿತ್ತೋ ನಿನಗೆ!”

“ಇದು ಆಸ್ಪತ್ರೆ ಅಲ್ವಾ ಮೇಡಂ? ಎಲ್ಲಾ ನೀವೇ ತೊಳ್ದು ಮಾಡಿ ಕೊಡ್ತೀರಲ್ಲ. ಇದೂ ಆಗೋಗಿರ್ತದೆ ಅಂದ್ಕಂಡಿದ್ದೆ.”

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊರಗಿದ್ದವನು ಎಲ್ಲ ಆಗಿದೆ ಎಂದುಕೊಂಡಿದ್ದ. ಒಳಗಿದ್ದವಳು ಊರಲ್ಲಿರುವ ನಾದಿನಿಯ ಬದಲಿಗೆ ನಾವೇ ಯಾರನ್ನಾದರೂ ಕರೆಸುತ್ತೇವೆ ಎಂದುಕೊಂಡು ಕಾಯುತ್ತಿದ್ದಳು. ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಬಾಣಂತಿಯ ಹತ್ತಿರ ಮೊದಲು ಯಾರು ಬರಬೇಕೆಂಬುದು ಲೋಕಕ್ಕೆಲ್ಲ ಗೊತ್ತಿರುವ ವಿಷಯವಲ್ಲವೇ! ನಾವೋ, ಅವಳಿಗೆ ಹೆಣ್ಣು ಮಗು ಬೇಡ ಎಂದುಕೊಂಡು ಲೊಚಗುಟ್ಟುತ್ತಿದ್ದೆವು.

“ತಂಗಿಗೆ ಫೋನು ಹಚ್ಚು. ವೀಡಿಯೋ ಕಾಲ್. ಬೇಗ!” ಎಂದೆ. ಮೊದಲು ಸಿಗ್ನಲ್ ಸಿಗಲಿಲ್ಲ. ಅವನು ಮತ್ತೆ ಮತ್ತೆ ಒತ್ತುತ್ತಿದ್ದ, ನಾನು ಗೇಟಿನ ಕಡೆ ನೋಡುತ್ತ ನಿಂತಲ್ಲೇ ಕುಣಿಯುತ್ತಿದ್ದೆ. ಕಡೆಗೂ ಪರದೆಯ ಮೇಲೆ ಒಂದು ದುಂಡು ಮುಖ ಮೂಡಿತು, ಹಿಂದೆ ಒಣಹಾಕಿದ ಬಟ್ಟೆಗಳು. ಫೋನು ಕಿತ್ತುಕೊಂಡು ಒಳಗೆ ಓಡಿದೆ. ನನ್ನ ಹಿಂದೆಯೇ ಅವನೂ ಬಾಗಿಲವರೆಗೆ ಬಂದು, ಕಣ್ಣುಮುಚ್ಚಿ ನಿಂತ. ಗಂಡಸರು ಒಳಗೆ ನೋಡಬಾರದು ಎಂದು ನಾವೇ ತಾನೇ ಹೇಳಿದ್ದು!

ನಾದಿನಿಯ ಮುಖ ಕಂಡದ್ದೇ ಹುಡುಗಿ ಸೆರಗು ಸರಿಸಿದಳು. ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದೇ ಆಗ. ಇಬ್ಬರೂ ಒಟ್ಟಿಗೇ ಅಳುತ್ತ ಒಟ್ಟಿಗೇ ಮಾತಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ನಡುವೆ ನುಗ್ಗಿ ನನ್ನ ಧಾರಾವಾಹಿಯ ಹಿಂದಿಯನ್ನೆಲ್ಲ ಹೊರಹಾಕಿದೆ. ನೀನು ಅಲ್ಲಿ, ಮಗು ಇಲ್ಲಿ, ಹೊತ್ತು ಮೀರುತ್ತಿದೆ, ನಿನ್ನ ಬದಲು ನಾನು ತೊಳೆಯಲಾ? “ಮೈ ನನದ್, ಆಜ್ ಸೇ ಮೈ ನನದ್” ಎಂದು ಎದೆ ತಟ್ಟಿಕೊಂಡೆ. ನಾದಿನಿಗೆ ಅವರ ಮಾತಿನಲ್ಲಿ ನನದ್ ಎನ್ನುತ್ತಾರೆಂದು ಕಲಿಸಿದ ಧಾರಾವಾಹಿಗಳಿಗೆ ನೂರು ನಮಸ್ಕಾರ!

ಫೋನಿನ ಹುಡುಗಿ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಕೇಳಿದಳು. ಬಾಗಿಲಿನಿಂದ ಅಣ್ಣ ಕಣ್ಣುಮುಚ್ಚಿಕೊಂಡೇ ತರ್ಜುಮೆ ಮಾಡಿದ: “ತೊಳೀಲಿ, ಆದ್ರೆ ಉಡುಗೊರೆ ನಂದು ಅಂತಾವ್ಳೆ ಮೇಡಂ.”

“ಭಲೇ! ತೊಳೆಯೋಳು ನಾನು, ಉಡುಗೊರೆ ಇವಳಿಗಾ? ಅರ್ಧ ನಂದು ಅಂತ ಹೇಳು!”

ಫೋನಿನಲ್ಲಿದ್ದವಳು ನಕ್ಕಳು. ಮಂಚದ ಮೇಲಿದ್ದವಳೂ ನಕ್ಕಳು. ಅಬ್ಬಾ, ಆ ನಗು!

ಇಷ್ಟು ಹೊತ್ತು ಆ ಕಡೆ ತಿರುಗಿ ಕೂತಿದ್ದ ಮಾಗಡಿಯ ಅಜ್ಜಿ ಎದ್ದು ಬಂದರು. “ಏನವ್ವಾ, ಸೋದರತ್ತೆ ಬರ್ಲಿಲ್ಲ ಅಂತ ಕುಂತಿದ್ಲಾ ಈ ಮಗ? ನಮ್ಮಲ್ಲೂ ಸೋದರತ್ತೆ ಇಲ್ದೆ ಹೆಸ್ರು ಕರೆದಾರಾ? ಅಯ್ಯೋ ನನ್ ಬಾಯಿಗಿಷ್ಟು!” ಎಂದು ತಮ್ಮ ಬಾಯಿಗೆ ತಾವೇ ಹೊಡೆದುಕೊಂಡು, ಮಗಳಿಗೆಂದು ತಂದಿದ್ದ ಫ್ಲಾಸ್ಕಿನ ಬಿಸಿನೀರನ್ನು ಬಟ್ಟಲಿಗೆ ಬಗ್ಗಿಸಿದರು. ಬೆಳಗ್ಗೆ ಪಾಪಿ ಅಂದವರೇ ಸೀರೆ ಹಿಡಿದು ಮರೆ ಮಾಡಿದರು.

ಸೋದರತ್ತೆ! ನನ್ನನ್ನು ಯಾರೂ ಹಾಗೆ ಕರೆದಿಲ್ಲ. ನಾವು ಬರೀ ಹೆಣ್ಣುಮಕ್ಕಳು, ಅಣ್ಣತಮ್ಮಂದಿರಿಲ್ಲ. ಚಿಕ್ಕಮ್ಮ ಆಗಿದ್ದೇನೆ, ದೊಡ್ಡಮ್ಮ ಆಗಿದ್ದೇನೆ. ನಾಮಕರಣಗಳಲ್ಲಿ “ಸೋದರತ್ತೆ ಬನ್ನಿ, ಮುಂದೆ ಬನ್ನಿ” ಎಂದು ಕರೆದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಬೇರೆಯವರಿಗೆ ದಾರಿ ಬಿಟ್ಟಿದ್ದೇನೆ. ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಸಲಿಗೆ ಆ ಹುಡುಗನಿಗಿಂತ ನಾನು ದೊಡ್ಡವಳು, ಲೆಕ್ಕದಲ್ಲಿ ಅವನ ಹೆಂಡತಿಗೆ ಅತ್ತಿಗೆಯಾಗಬೇಕೇ ಹೊರತು ನಾದಿನಿಯಲ್ಲ. ಅದನ್ನೆಲ್ಲ ನೋಡುತ್ತ ಕೂರುವ ಹೊತ್ತೇ ಅದು?

ಫೋನನ್ನು ದಿಂಬಿಗೆ ಆನಿಸಿಟ್ಟೆವು. ಅಲ್ಲಿಂದ ಅವಳು ಹೇಳುತ್ತ ಹೋದಳು, ಮೊದಲು ಬಲಗಡೆ, ಆಮೇಲೆ ಎಡಗಡೆ, ಮೆತ್ತಗೆ. ಬೆಚ್ಚನೆಯ ನೀರಿನಲ್ಲಿ ಶುಭ್ರವಾದ ಬಟ್ಟೆ ಅದ್ದಿ ನಾನು ತೊಳೆದೆ. ಈ ಕೆಲಸವನ್ನು ಎಷ್ಟೋ ಬಾಣಂತಿಯರಿಗೆ ಮಾಡಿದ್ದೇನೆ, ಸರಸರನೆ ಮುಗಿಸಿ ಮುಂದಿನ ಬೆಡ್ಡಿಗೆ ಹೋಗಿದ್ದೇನೆ. ಆ ದಿನ ಮಾತ್ರ ಅವಳು ಹೇಳಿದ ಕ್ರಮ ಒಂದೂ ತಪ್ಪದ ಹಾಗೆ ಮಾಡಿದೆ. ಫೋನಿನಲ್ಲಿ ಅವಳು ಏನೋ ಹಾಡು ತೆಗೆದಳು. ನಡುವೆ ಸಿಗ್ನಲ್ ಹೋಗಿ ಹಾಡು ಕತ್ತರಿಸಿತು. ನಿಲ್ಲಿಸಬಾರದೇನೋ ಎಂದು ಮಾಗಡಿಯ ಅಜ್ಜಿ ತಮಗೆ ಬಂದ ಸೋಬಾನೆ ಶುರುಮಾಡಿದರು!

ಹುಡುಗಿ ತಾನೇ ಕೈಚಾಚಿ ಮಗುವನ್ನು ಕೇಳಿದಳು. ಎದೆಗಿಟ್ಟುಕೊಂಡಳು. ಮಗು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಆಮೇಲೆ ಕಚ್ಚಿ ಹಿಡಿಯಿತು ನೋಡಿ! ಆ ಪುಟ್ಟ ದವಡೆ ಆಡತೊಡಗಿತು. ಗುಟುಕು ಇಳಿಯುವ ಸದ್ದು ನನಗೆ ಕೇಳಿಸಿತು. “ಕುಡೀತು ಕಣೋ! ಕುಡೀತಾ ಐತೆ!” ಎಂದು ನಾನು ಕೂಗಿದ್ದು ಬೇವಿನ ಮರ ದಾಟಿ ಗೇಟಿನವರೆಗೂ ಹೋಗಿರಬೇಕು. ಬಾಗಿಲಲ್ಲಿದ್ದವನು ಆಗಲೂ ಕಣ್ಣು ತೆರೆಯಲಿಲ್ಲ, ಮುಚ್ಚಿದ ಕಣ್ಣಿನಿಂದಲೇ ನೀರು ಸುರಿಸಿದ.

ಒಂದು ಕಡೆ ಕುಡಿದು, ಇನ್ನೊಂದು ಕಡೆಯೂ ಕುಡಿದು ಮಗು ನಿದ್ದೆಹೋಗಿದ್ದಾಗ ಆಂಬುಲೆನ್ಸು ಗೇಟಿಗೆ ಬಂತು. ಡಾಕ್ಟರು ಮತ್ತೆ ಹಿಮ್ಮಡಿ ಚುಚ್ಚಿದರು. ಯಂತ್ರದ ಮೇಲೆ ಅಂಕಿ ಮೂಡುವವರೆಗೆ ನಾನು ಕೆಂಗಲ್ ಆಂಜನೇಯನನ್ನು ಬಿಡಲೇ ಇಲ್ಲ. ಡಾಕ್ಟರು ತಲೆಯೆತ್ತಿ, “ಗಾಡಿ ಬೇಡ ಅಂತ ಹೇಳಿ. ಮಗು ಇಲ್ಲೇ ಇರಲಿ” ಎಂದರು. ವಾರ್ಡಿಗೆ ವಾರ್ಡೇ ಹೋ ಎಂದಿತು.

ಹುಡುಗಿ ನನ್ನ ಕೈ ಎಳೆದುಕೊಂಡಳು. ತನ್ನ ಕೈಯ ಕೆಂಪು ಅರಗಿನ ಬಳೆಗಳಲ್ಲಿ ಒಂದನ್ನು ತೆಗೆದು ನನ್ನ ಕೈಗೆ ಏರಿಸಿದಳು. ಡ್ಯೂಟಿಯಲ್ಲಿ ನಾವು ಬಳೆ ಹಾಕುವಂತಿಲ್ಲ. ಬೇರೆ ದಿನವಾಗಿದ್ದರೆ ನಾನೇ ಯಾರಿಗಾದರೂ ಬೈದು ತೆಗೆಸುತ್ತಿದ್ದೆ. ಆ ದಿನ ಕೈ ಹಿಂದಕ್ಕೆಳೆಯಲು ಮನಸ್ಸಾಗಲಿಲ್ಲ.

ಡಾಕ್ಟರು ಸುತ್ತಲೂ ನೋಡಿ, ಬೆಳಗ್ಗೆ ಕೇಳಿದ್ದನ್ನೇ ಮತ್ತೆ ಕೇಳಿದರು. “ಇವಳ ಕಡೆಯವರು ಯಾರಿದ್ದೀರಿ? ಮಗು ನೋಡಿಕೊಳ್ಳೋದು ಹೇಗೆ ಅಂತ ಹೇಳಬೇಕು.”

“ನಾನಿದ್ದೀನಿ ಸರ್” ಎಂದೆ. “ನಾದಿನಿ.”

ಅವರು ನನ್ನ ಯೂನಿಫಾರ್ಮು ನೋಡಿದರು, ಕೈಯ ಬಳೆ ನೋಡಿದರು. “ಸರಿ, ಹಾಗಾದ್ರೆ ಕೇಳಿಸ್ಕೊಳ್ಳಿ” ಎಂದು, ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು, ಮಗುವನ್ನು ಹೇಗೆ ಬೆಚ್ಚಗಿಡಬೇಕು ಎಂದು ಒಂದೊಂದಾಗಿ ಹೇಳಿದರು. ನಾನೇ ದಿನಾ ಬೆಡ್ಡು ಬೆಡ್ಡಿಗೆ ಹೋಗಿ ಹೇಳುವ ಮಾತುಗಳವು. ಖಾಲಿ ಇದ್ದ ಸ್ಟೂಲಿನ ಮೇಲೆ ಕೂತು, ಮನೆಯವರು ಕೇಳುವ ಹಾಗೆ ತಲೆಯಾಡಿಸುತ್ತ ಅಷ್ಟನ್ನೂ ಕೇಳಿದೆ.