ಸಿಮೆಂಟಿನಲ್ಲಿ ಹೂತ ನಾಲ್ಕು ಬೋಲ್ಟು

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನಾನು ಚಿಕ್ಕೋಡಿಯ ಒಂದು ಸಣ್ಣ ಸಂಸ್ಥೆಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ವಿದ್ಯುತ್ ಉಳಿತಾಯ ನಮ್ಮ ಕೆಲಸ. ಆದರೆ ನಾವು ವಿದ್ಯುತ್ ಮಾರುವವರಲ್ಲ, ಪಂಪು ತಯಾರಿಸುವವರಲ್ಲ, ಕಬ್ಬು ಬೆಳೆಯುವವರೂ ಅಲ್ಲ. ಈ ಮೂವರ ನಡುವೆ ಓಡಾಡಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಿ ಒಪ್ಪಿಸುವವರು. ಕಾಗದಪತ್ರಗಳಲ್ಲಿ ಇದಕ್ಕೆ ಮಧ್ಯವರ್ತಿ ಸಂಸ್ಥೆ ಎನ್ನುತ್ತಾರೆ. ಹಳ್ಳಿಯಲ್ಲಿ ಹಾಗೆಂದರೆ ದಲಾಲ ಬಂದ ಎಂದು ಚಹಾ ಕೂಡ ಕೊಡುವುದಿಲ್ಲ, ಹಾಗಾಗಿ ಆ ಶಬ್ದವನ್ನು ನಾನು ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಬೇಡಕಿಹಾಳದ ಆಚೆ, ದೂಧಗಂಗೆಯ ದಂಡೆಯಲ್ಲಿದ್ದ ಒಂದು ಊರು ನಮ್ಮ ಪಾಲಿಗೆ ಬಂತು. ಹತ್ತು ರೈತರ ಹಳೆಯ ಐದು ಎಚ್‌ಪಿ ಪಂಪ್‌ಸೆಟ್‌ ತೆಗೆದು, ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ನೀರೆತ್ತುವ ಹೊಸದನ್ನು ಕೂರಿಸಬೇಕು. ಹಳೆಯದನ್ನು ಒಡೆದು ಗುಜರಿಗೆ ಹಾಕಬೇಕೆಂಬುದು ಯೋಜನೆಯ ಷರತ್ತು. ಇಲ್ಲದಿದ್ದರೆ ಅದು ಇನ್ನೊಬ್ಬರ ಹೊಲ ಸೇರಿ ಮತ್ತೆ ವಿದ್ಯುತ್ ನುಂಗುತ್ತದೆ. ನೀರಾವರಿ ಪಂಪಿಗೆ ಬಿಲ್ಲೇ ಇಲ್ಲದ ಮೇಲೆ ಉಳಿತಾಯದಿಂದ ತಮಗೇನು ಬಂತು ಎಂದು ರೈತರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲರೂ ಕಡಿಮೆ ಎಳೆದರೆ ವೋಲ್ಟೇಜ್ ಬೀಳುವುದಿಲ್ಲ, ವೋಲ್ಟೇಜ್ ಬೀಳದಿದ್ದರೆ ಮೋಟಾರು ಸುಡುವುದಿಲ್ಲ ಎಂದು ನಾಲ್ಕು ಸಂಜೆ ಕೂತು ವಿವರಿಸಿದೆ.

ಮೊದಲು ಒಪ್ಪಿದವರು ಶಾಂತಾಬಾಯಿ. ಎರಡು ಎಕರೆ ಕಬ್ಬು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ನೌಕರ, ಹೊಲದ ಕಾರುಬಾರೆಲ್ಲ ಇವರದೇ. "ಮೋಟರ್ ಸುಡೂದು ನಿಂತ್ರ ಸಾಕ್ರಿ. ಆದ್ರ ಹಳೇದು ಒಡದ ಮ್ಯಾಲ ನನಗ ಇದೊಂದ. ಇದಕ್ಕೇನರ ಆದ್ರ ಕೈ ಎತ್ತಬ್ಯಾಡ್ರಿ," ಎಂದರು. ನಾನಿದ್ದೇನಲ್ಲ ಎಂದೆ. ಆಕೆ ಒಪ್ಪಿದ್ದನ್ನು ನೋಡಿ ಉಳಿದ ಒಂಬತ್ತು ಮಂದಿಯೂ ಒಪ್ಪಿದರು.

ಆ ದಂಡೆಯಲ್ಲೊಂದು ಪದ್ಧತಿಯಿತ್ತು. ಪಂಪುಗಳು ನದಿಯ ಇಳಿಜಾರಿನಲ್ಲಿ ಮರದ ಚೌಕಟ್ಟಿನ ಮೇಲೆ ಕೂತಿರುತ್ತಿದ್ದವು. ಘಟ್ಟದಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಆಗ ಊರಿಗೆ ಊರೇ ಹಗ್ಗ ಹಿಡಿದು ಬರುತ್ತದೆ. ಯಾರದು ಎಲ್ಲಕ್ಕಿಂತ ಕೆಳಗಿದೆಯೋ ಅದನ್ನು ಮೊದಲು ಎಳೆಯುತ್ತಾರೆ. ಅದು ಮೇಲೆ ಬರುವವರೆಗೆ ಯಾರೂ ತಮ್ಮ ಪಂಪು ಮುಟ್ಟುವುದಿಲ್ಲ. ಸಾಹುಕಾರನದಾದರೂ ಅಷ್ಟೆ, ಕೂಲಿಯವನದಾದರೂ ಅಷ್ಟೆ.

ನನಗೆ ಆ ಮರದ ಚೌಕಟ್ಟು ಕಂಡರೆ ಆಗಲಿಲ್ಲ. ಪಂಪು ಅಲುಗಾಡಿದರೆ ಶಕ್ತಿ ಸೋರಿಹೋಗುತ್ತದೆಂದು ಕಾಂಕ್ರೀಟ್ ಕಟ್ಟೆ ಹಾಕಿಸಿ, ಪ್ರತಿ ಪಂಪನ್ನೂ ನಾಲ್ಕು ಬೋಲ್ಟಿನಿಂದ ಬಿಗಿಸಿದೆ. ಯಾರೂ ಸಡಿಲಿಸದಿರಲೆಂದು ಬೋಲ್ಟಿನ ತಲೆಯ ಮೇಲೂ ಸಿಮೆಂಟು ಮೆತ್ತಿಸಿದೆ. ಊರಿನ ಮೋಟಾರು ರಿಪೇರಿಯವ ಬಾಪು ಮಿಸ್ತ್ರಿ ನಿಂತು ನೋಡುತ್ತಿದ್ದ. "ಹೊಳಿ ಬಂದ್ರ ಹೆಂಗ ತಗೀತೀರಿ ಸಾಹೇಬ್ರ?" ಎಂದ. ಮಳೆಗಾಲಕ್ಕೆ ಮುಂಚೆ ಪಂಪಿನ ಕಂಪನಿಯವರೇ ಬಂದು ಬಿಚ್ಚುತ್ತಾರೆ ಎಂದೆ. ಡಿಪ್ಲೊಮಾ ಕೂಡ ಇಲ್ಲದವನಿಗೆ ನಾನೇಕೆ ಉತ್ತರ ಕೊಡಬೇಕೆಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಮೇ ತಿಂಗಳಲ್ಲಿ ಪಂಪಿನ ಕಂಪನಿಗೆ ಬರೆದೆ. ಬಿಚ್ಚುವುದು ಕರಾರಿನಲ್ಲಿಲ್ಲ ಎಂದು ಉತ್ತರ ಬಂತು. ಅದನ್ನು ವಿದ್ಯುತ್ ಕಂಪನಿಗೆ ಕಳಿಸಿದೆ. ಅವರು ಪಂಪಿನ ಕಂಪನಿಯನ್ನೇ ಕೇಳಿ ಎಂದರು. ಜೂನ್ ಪೂರ್ತಿ ಹೀಗೆ ಪತ್ರ ಓಡಾಡಿದವು. ಫೈಲು ದಪ್ಪಗಾಗುತ್ತಿದ್ದುದನ್ನು ನೋಡಿ ಕೆಲಸ ನಡೆಯುತ್ತಿದೆ ಎಂದುಕೊಂಡೆ.

ಜುಲೈನ ಒಂದು ಬೆಳಿಗ್ಗೆ ಬಾಪು ಫೋನ್ ಮಾಡಿದ. "ಹೊಳಿ ಏರಾಕತ್ತೈತ್ರಿ ಸಾಹೇಬ್ರ. ಬರೂದಿದ್ರ ಈಗ ಬರ್ರಿ."

ನಾನು ತಲುಪಿದಾಗ ಹತ್ತು ಗಂಟೆ. ಲೈನ್‌ಮನ್ ವಿದ್ಯುತ್ ಕಡಿದಿದ್ದ. ದಂಡೆಯಲ್ಲಿ ಐವತ್ತು ಜನ ಹಗ್ಗ ಹಿಡಿದು ನಿಂತಿದ್ದರು, ಆದರೆ ಎಳೆಯಲು ಏನೂ ಬಿಡಿಯಾಗಿರಲಿಲ್ಲ. ಎಲ್ಲಕ್ಕಿಂತ ಕೆಳಗಿದ್ದದ್ದು ಶಾಂತಾಬಾಯಿಯ ಪಂಪು. ಬಾಪು ಮಂಡಿಯುದ್ದ ನೀರಿನಲ್ಲಿ ಕೂತು ಉಳಿಯಿಂದ ಸಿಮೆಂಟು ಕೆತ್ತುತ್ತಿದ್ದ. ಒಂದು ಬೋಲ್ಟು ಬಂತು. ಎರಡನೆಯದು ಬರುವಷ್ಟರಲ್ಲಿ ನೀರು ಅವನ ಸೊಂಟಕ್ಕೆ ಬಂದಿತ್ತು. ಮೇಲೆ ಒಂಬತ್ತು ಪಂಪು ಹಾಗೇ ಇದ್ದವು. ಅವುಗಳ ಒಡೆಯರೂ ಅಲ್ಲೇ ಇದ್ದರು. ಒಬ್ಬರೂ ತಮ್ಮದರ ಕಡೆ ಹೆಜ್ಜೆ ಇಡಲಿಲ್ಲ.

ನಾನೇನು ಮಾಡುತ್ತಿದ್ದೆ? ಪಂಪಿನ ಕಂಪನಿಗೆ ಫೋನ್ ಮಾಡುತ್ತಿದ್ದೆ. ಕೊಲ್ಹಾಪುರದಿಂದ ಬೋಲ್ಟು ಕತ್ತರಿಸುವ ಕಟರ್ ಕಳಿಸಿ ಎಂದು ಅಂಗಲಾಚಿದೆ. ಲಿಖಿತವಾಗಿ ಕಳಿಸಿ ಎಂದರು. ಈ ಹತ್ತು ಹೊಲಗಳ ನೀರು ನಿಲ್ಲುವುದು ನನ್ನಿಂದಲೇ ಎಂಬುದು ಆ ಹೊತ್ತಿಗೆ ಸ್ಪಷ್ಟವಾಗಿತ್ತು.

ಮೂರನೆಯ ಬೋಲ್ಟು ನೀರಿನಡಿ ಹೋಯಿತು. ಬಾಪು ಕೈಯಲ್ಲೇ ತಡವುತ್ತ ಹೊಡೆಯತೊಡಗಿದ. ಆಗ ಶಾಂತಾಬಾಯಿ ನೀರಿಗಿಳಿದು ಅವನ ತೋಳು ಹಿಡಿದರು.

"ನಂದು ಬಿಡು ಬಾಪು. ಮ್ಯಾಲಿನ ಒಂಬತ್ತನ್ನರ ಉಳಸ್ರಿ."

ಯಾರೂ ಅಲುಗಲಿಲ್ಲ. ಕೆಳಗಿನದನ್ನು ಬಿಟ್ಟು ಮೇಲಿನದಕ್ಕೆ ಕೈ ಹಾಕುವುದು ಆ ದಂಡೆಯಲ್ಲಿ ನಡೆದುಬಂದ ರೀತಿಯಲ್ಲ. ಆಕೆ ಬಾಪುವಿನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಮೇಲೆ ಹತ್ತಿ, ಮುಂದಿನ ಪಂಪಿನ ಸಿಮೆಂಟಿಗೆ ತಾವೇ ಮೊದಲ ಏಟು ಹಾಕಿದರು. ಆಮೇಲೆ ಜನ ಉಳಿ, ಸುತ್ತಿಗೆ ಹಿಡಿದು ಮೇಲಿನ ಪಂಪುಗಳ ಕಡೆ ಓಡಿದರು. ನಾನೂ ಫೋನು ಜೇಬಿಗೆ ತುರುಕಿ ಒಂದು ಉಳಿ ಹಿಡಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಂಬತ್ತೂ ಮೇಲೆ ಬಂದವು. ಹತ್ತನೆಯದು ಮುಳುಗಿತು. ಶಾಂತಾಬಾಯಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ವಾರದ ನಂತರ ನೀರಿಳಿದಾಗ ನೋಡಿದರೆ, ತೇಲಿಬಂದ ಮರದ ದಿಮ್ಮಿ ಬಡಿದು ಪಂಪಿನ ಮೈ ಸೀಳಿತ್ತು. ಪ್ರವಾಹದ ಹಾನಿ ವಾರಂಟಿಯಲ್ಲಿಲ್ಲ ಎಂದಿತು ಪಂಪಿನ ಕಂಪನಿ. ತಮ್ಮದು ಮೀಟರ್ ಓದುವುದಷ್ಟೇ ಎಂದಿತು ವಿದ್ಯುತ್ ಕಂಪನಿ. ನಮ್ಮ ನಿರ್ದೇಶಕರು ನನ್ನನ್ನು ಕೂರಿಸಿಕೊಂಡು, "ನಮ್ಮದು ಜೋಡಿಸುವ ಕೆಲಸ, ಹೊಣೆ ಹೊರುವ ಕೆಲಸವಲ್ಲ," ಎಂದರು. ಹತ್ತೂ ಪಂಪು ಸರಿಯಾಗಿವೆಯೆಂಬ ವರದಿ ನಾನು ಬರೆಯಬೇಕಿತ್ತು. ಒಂಬತ್ತು ಎಂದು ಬರೆದೆ. ಹತ್ತನೆಯದು ಹೋದದ್ದು ನಾನು ಹೇಳಿ ಹಾಕಿಸಿದ ಕಾಂಕ್ರೀಟಿನಿಂದ, ಅದನ್ನು ಬದಲಿಸಿ ಕೊಡದೆ ವರದಿ ಪೂರ್ತಿಯಾಗುವುದಿಲ್ಲ ಎಂದೂ ಸೇರಿಸಿದೆ. ನಿರ್ದೇಶಕರು ಎರಡು ವಾರ ಮಾತು ಬಿಟ್ಟರು.

ಜಗ್ಗಾಟ ಮೂರು ತಿಂಗಳು ನಡೆಯಿತು. ಮಳೆ ನಿಂತ ಮೇಲೆ ಆ ಒಂಬತ್ತು ಮಂದಿ ಪಾಳಿ ಹಚ್ಚಿಕೊಂಡು ಶಾಂತಾಬಾಯಿಯ ಕಬ್ಬಿಗೆ ನೀರು ಬಿಟ್ಟರು. ಕೊನೆಗೆ ಹೊಸ ಪಂಪು ಬಂತು. ಈ ಸಲ ನಾನು ಮೊದಲು ಹೋದದ್ದು ಬಾಪುವಿನ ಅಂಗಡಿಗೆ. ಅವನು ಕಬ್ಬಿಣದ ಚೌಕಟ್ಟು ಮಾಡಿ, ಕೈಯಿಂದ ಕೀಳಬಹುದಾದ ನಾಲ್ಕು ಪಿನ್ನು ಹಾಕಿದ. ಮೀಟರ್ ಹಚ್ಚಿ ನೋಡಿದೆ. ಕಾಂಕ್ರೀಟಿಗೂ ಅದಕ್ಕೂ ವಿದ್ಯುತ್ ಖರ್ಚಿನಲ್ಲಿ ಓದಲು ಸಿಗುವಷ್ಟು ವ್ಯತ್ಯಾಸವೂ ಇರಲಿಲ್ಲ. ಇಷ್ಟಕ್ಕಾಗಿ ಆ ಹೆಂಗಸಿನ ಪಂಪು ಮುಳುಗಿಸಿದ್ದೆ.

ಪಂಪು ಕೂರಿಸಿದ ದಿನ ಹಸ್ತಾಂತರದ ಫಾರ್ಮಿಗೆ ಶಾಂತಾಬಾಯಿಯ ಸಹಿ ಕೇಳಿದೆ. ಆಕೆ ಪೆನ್ನು ಹಿಡಿದವರು ಹಾಳೆಯ ಮೇಲೆ ಬೆರಳಾಡಿಸಿದರು. "ಇದು ಕರೆಂಟ್ ಕಂಪನ್ಯಾರದು. ಇದು ಪಂಪಿನಾರದು. ಇದು ನಂದು. ಸಾಹೇಬ್ರ, ನಿಮ್ಮ ಸಹಿ ಎಲ್ಲೈತ್ರಿ?"

ಇರಲಿಲ್ಲ. ಹತ್ತು ರೈತರ ಫಾರ್ಮಿನಲ್ಲೂ ನಮ್ಮ ಸಂಸ್ಥೆಗೆ ಜಾಗವಿರಲಿಲ್ಲ. ನನಗದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮೂವರನ್ನೂ ಒಪ್ಪಿಸಿದವನು ನಾನು, ಯಾವುದಕ್ಕೂ ಸಿಕ್ಕಿಕೊಳ್ಳದೆ ಇದ್ದವನೂ ನಾನು. ಆಕೆಯ ಹೆಸರಿನ ಕೆಳಗೆ ಗೆರೆ ಎಳೆದು ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಆಮೇಲೆ ಆಕೆ ಹಾಕಿದರು.

ನಡುವೆ ನಿಂತು ಕೆಲಸ ಮಾಡುವವರಿಗೆ ನಾನು ಹೇಳಬಲ್ಲದ್ದು ಇಷ್ಟೆ: ಜನ ಒಪ್ಪುವುದು ಯೋಜನೆಯನ್ನಲ್ಲ, ಬಂದು ಹೇಳಿದವನನ್ನು. ಹಾಗಾಗಿ ಹೊಣೆ ಅವನದೇ. ವಿದ್ಯುತ್ ಕಂಪನಿ ಆ ಫಾರ್ಮನ್ನು ಅನಗತ್ಯ ಸಹಿ ಇದೆಯೆಂದು ವಾಪಸು ಕಳಿಸಿತು. ಏನೂ ತಿದ್ದದೆ ಮತ್ತೆ ಅದನ್ನೇ ಕಳಿಸಿದೆ.