ವೈನ್ ಟ್ಯಾಂಕಿನ ಬಾಯಲ್ಲಿ

ತಮ್ಮ ಶಿವುವನ್ನು ಕೂಗುವುದನ್ನು ನಾನು ನಿಲ್ಲಿಸಬಾರದಿತ್ತು. ವೈನ್ ಟ್ಯಾಂಕಿಗೆ ಒಬ್ಬ ಇಳಿದು ತೊಳೆಯುವಾಗ ಇನ್ನೊಬ್ಬ ಅದರ ಬಾಯಲ್ಲಿ ನಿಂತು ಕೂಗುತ್ತಲೇ ಇರಬೇಕು. ಉತ್ತರ ಬರದಿದ್ದರೆ ಹಗ್ಗ ಎಳೆಯಬೇಕು. ಹುಳಿ ಬಂದ ರಸದ ಗಾಳಿ ಒಳಗೆ ನಿಂತು ಉಸಿರು ಕಟ್ಟಿಸುತ್ತದೆ. ನಾನು ಬೀಡಿ ಸೇದಲು ಹೋದೆ. ಶಿವು ಹೆಣವಾಗಿ ಮೇಲೆ ಬಂದ. ಬೀಡಿಯ ವಿಷಯ ಯಾರಿಗೂ ಹೇಳಲಿಲ್ಲ.

ಆ ಕೆಲಸ ಬಿಟ್ಟು ಈಗ ಬಿಡದಿಯ ಫ್ಯಾಕ್ಟರಿಯಲ್ಲಿದ್ದೇನೆ. ಇವತ್ತು ಅಲ್ಲಿನ ಗೆಳೆಯರು ಕನಕಪುರದ ಕಡೆಯ ದ್ರಾಕ್ಷಿ ತೋಟಕ್ಕೆ ವೈನ್ ರುಚಿ ನೋಡಲು ಹೊರಟರು. ಒಲ್ಲೆ ಅಂದರೆ ಕಾರಣ ಕೇಳುತ್ತಾರೆಂದು ನಾನೂ ಬಂದೆ. ಗ್ಲಾಸು ಆಡಿಸಿ ಮೊದಲು ಮೂಸಬೇಕು ಅಂದಳು ಅಲ್ಲಿನ ಹುಡುಗಿ. ಮೂಸಿದೆ. ಅದೇ ವಾಸನೆ.

"ಎಮ್ಮೆ ಕಲಗಚ್ಚು ಮೂಸ್ದಂಗೆ ಮೂಸ್ತೀಯಲ್ಲೋ, ಒಸಿ ಕುಡೀಲಾ!" ಅಂದ ಗೆಳೆಯ ರಾಜ. ಎಲ್ಲರೂ ನಕ್ಕರು.

ಟ್ಯಾಂಕುಗಳ ಕೋಣೆ ತಣ್ಣಗಿತ್ತು. ಒಂದು ಖಾಲಿ ಟ್ಯಾಂಕಿನ ಬಾಯಿ ತೆರೆದಿತ್ತು. ಎಲ್ಲರೂ ಮುಂದೆ ಹೋದ ಮೇಲೆ ಬಗ್ಗಿ, "ಶಿವೂ" ಅಂದೆ. ನನ್ನ ದನಿಯೇ ಸುತ್ತಿ ಬಂದು ಅಡಗಿತು. ಅದಾದ ಮೇಲೆ ಒಳಗಿನಿಂದ "ಊಂ" ಅಂದದ್ದು ಕೇಳಿಸಿತು, ಕೆಲಸದ ಮಧ್ಯೆ ಅವನು ಅನ್ನುತ್ತಿದ್ದ ಹಾಗೇ. ನನಗೆ ಕತ್ತು ಎತ್ತಲಾಗಲಿಲ್ಲ.

"ಬೀಡಿಗೆ ಹೋಗ್ಬುಟ್ಟಿದ್ದೆ ಕಣ್ಲಾ," ಅಂದೆ. "ತಪ್ಪಾಯ್ತು."