ಕುಶನಪ್ಪನ ಕಂಪ್ಯೂಟರಿಗೆ ಏರಿದ ಜ್ವರ

ಬೀದಿಯವರೆಲ್ಲ ಅವನನ್ನು ಕುಶನಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಯಾರಾದರೂ ಆ ಹೆಸರಿನಿಂದ ಕೂಗಿದರೆ, ಪಾಪ ಯಾರನ್ನು ಕರೆಯುತ್ತಿದ್ದಾರೋ ಎಂದು ತಾನೂ ಹಿಂದೆ ತಿರುಗಿ ನೋಡುತ್ತಿದ್ದ. ಸೋಫಾ, ಕಾರಿನ ಸೀಟು, ಆಸ್ಪತ್ರೆಯ ಬೆಂಚು, ಹೀಗೆ ಗಟ್ಟಿಯಾಗಿರುವುದೇನು ಕಂಡರೂ ಅದಕ್ಕೊಂದು ಮೆತ್ತೆ ಹೊಲಿಯದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನು ಕುಶನ್ ಹಾಕಿದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವನೊಬ್ಬ, ಹಲ್ಲು ಕಿತ್ತು ಮುಗಿದ ಮೇಲೂ ಏಳಲೊಪ್ಪದೆ, "ಪಕ್ಕದ್ದೂ ಒಂದು ಕಿತ್ತುಬಿಡಿ ಸಾರ್" ಎಂದು ಬೇಡಿಕೊಂಡನಂತೆ. ಇದನ್ನು ಹೇಳಿದವನು ಕುಶನಪ್ಪನೇ. ಹಾಗಾಗಿ ಅರ್ಧ ಮಾತ್ರ ನಂಬಿದರೆ ಸಾಕು.

ಅವನ ಹೆಂಡತಿ ಬಸ್ ನಿಲ್ದಾಣದ ಮೈಕಮ್ಮ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡವಾಗಿದೆ ಎಂದು ಮೈಕಿನಲ್ಲಿ ಕೂಗಿ ಹೇಳುವ ಕೆಲಸ. ಅವಳ ದನಿ ಎಷ್ಟು ಸ್ಪಷ್ಟವೆಂದರೆ, ಕೆಟ್ಟು ನಿಂತ ಬಸ್ಸುಗಳು ಕೂಡ ತಮ್ಮ ಸರದಿ ಬಂತೆಂದು ಕೇಳಿ ನಾಚಿಕೊಂಡು ಹೊರಟುಬಿಡುತ್ತಿದ್ದವು. ಆಮೇಲೆ ನಿಲ್ದಾಣಕ್ಕೆ ತಾನಾಗಿಯೇ ಮಾತಾಡುವ ಯಂತ್ರ ಬಂತು. ಮೈಕಮ್ಮನಿಗೆ ಒಂದು ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮನೆಗೆ ಬಂದವಳು ಮಾತನ್ನೇ ಕಡಿಮೆ ಮಾಡಿಬಿಟ್ಟಳು. "ಊಟ ಆಯ್ತು", "ಬಾಗಿಲು ಹಾಕಿ", ಅಷ್ಟೇ. ದಿನವಿಡೀ ಹೊಲಿಗೆ ಮಿಷನ್ನಿನ ಗದ್ದಲದಲ್ಲಿ ಬದುಕಿದ ಕುಶನಪ್ಪನಿಗೆ ಆ ಮೌನ ಮಾತ್ರ ಕಿವಿಗೆ ಚುಚ್ಚುತ್ತಿತ್ತು.

ಅಷ್ಟರಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಯೊಂದರಿಂದ ಫೋನ್ ಬಂತು. ವಿಜ್ಞಾನದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ದನಿ ಬೇಕಾಗಿತ್ತು. ಒಂದು ಪಾಠವನ್ನು ಮಾದರಿಗೆ ಓದಿ, ಹಿಂದಿನ ಸದ್ದುಗದ್ದಲವನ್ನು ಕಂಪ್ಯೂಟರಿನಲ್ಲಿ ಸೋಸಿ, ಸೋಮವಾರದೊಳಗೆ ಕಳಿಸಬೇಕು. ಇನ್ನೂ ಕೆಲವರು ಕಳಿಸುತ್ತಾರೆ, ಒಬ್ಬರನ್ನು ಆರಿಸುತ್ತೇವೆ ಎಂದರು. ಫೋನ್ ಇಟ್ಟ ಮೈಕಮ್ಮ ಅಡುಗೆಮನೆಗೆ ಹೋಗಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು, ಸಕ್ಕರೆ ಪೊಟ್ಟಣದ ಮೇಲೆ ಅಚ್ಚಾಗಿದ್ದನ್ನೆಲ್ಲ ಗಟ್ಟಿಯಾಗಿ ಓದಿದಳು. ಕುಶನಪ್ಪ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೇಳಿದ. ಸಕ್ಕರೆಯ ತೂಕದಲ್ಲಿ ಅಷ್ಟು ಸಂಗೀತವಿದೆಯೆಂದು ಅವನಿಗೆ ಅಂದೇ ತಿಳಿದದ್ದು.

"ಕಂಪ್ಯೂಟರ್ ನಾನೇ ಕಟ್ತೀನಿ" ಎಂದ.

"ಅಂಗಡೀಲಿ ರೆಡಿ ಸಿಗತ್ತಲ್ರೀ."

"ಅಂಗಡಿ ಸೋಫಾ ಬಿಚ್ಚಿ ನೋಡಿದೋನು ನಾನು. ಹೊರಗೆ ಮಖಮಲ್ಲು, ಒಳಗೆ ಹರಕು ಗೋಣಿ. ಕಂಪ್ಯೂಟರ್ ಮಾತ್ರ ಬೇರೆ ಇರತ್ತಾ?"

ಹಳೇ ಸಾಮಾನಿನ ಮಾರುಕಟ್ಟೆಯಿಂದ ಪೆಟ್ಟಿಗೆ ಬಂತು, ಮುಚ್ಚಿಹೋದ ಆಫೀಸೊಂದರಿಂದ ಯಂತ್ರದ ಮಿದುಳಾದ ಪ್ರೊಸೆಸರ್ ಬಂತು, ಫ್ರಿಜ್ ರಿಪೇರಿ ಮಾಡುವ ಭಾಮೈದ ಎರಡು ಫ್ಯಾನು ತಂದುಕೊಟ್ಟ. ವೀಡಿಯೊ ನೋಡಿ ನೋಡಿ ಕುಶನಪ್ಪ ಎಲ್ಲವನ್ನೂ ಜೋಡಿಸಿದ. ಯಂತ್ರ ಜೀವ ತಳೆಯಿತು. ಆದರೆ ಮೈಕಮ್ಮ ಒಂದು ಸಾಲು ಓದಿ ಕೇಳಿದರೆ, ಅವಳ ಬೆನ್ನ ಹಿಂದೆ ಯಾರೋ ಹಿಟ್ಟಿನ ಗಿರಣಿ ಇಟ್ಟಂತೆ ಫ್ಯಾನಿನ ಸದ್ದು.

ಸದ್ದು ಅಡಗಿಸುವುದೇ? ಅದು ಕುಶನಪ್ಪನ ಎಡಗೈ ಕೆಲಸ. ಪೆಟ್ಟಿಗೆಯ ಒಳಗೋಡೆಗೆಲ್ಲ ಫೋಮ್ ಅಂಟಿಸಿದ. ಹೊರಗೆ ಕೆಂಪು ರೆಕ್ಸಿನ್ನಿನ ಅಂಗಿ ತೊಡಿಸಿ, ಅಂಚಿಗೆ ಉಬ್ಬು ಪಟ್ಟಿಯ ಪೈಪಿಂಗ್ ಕೊಟ್ಟು, ನಡುನಡುವೆ ಗುಂಡಿ ಬಿಗಿದ. ಮುಂಭಾಗದಲ್ಲಿ ಜರಡಿಯಂತೆ ತೂತುಗಳಿದ್ದವು; ಅಷ್ಟೊಂದು ತೂತು ಬಿಟ್ಟು ಕೆಲಸ ಮುಗಿಸುವವನು ಎಂಥಾ ಕಸುಬಿನವನೋ ಎಂದು ಬೈದುಕೊಂಡು, ಅವನ್ನೂ ಮುಚ್ಚಿ ಹೊಲಿದ. ಜೀವಮಾನದಲ್ಲೇ ಅಷ್ಟು ನೇರವಾದ ಹೊಲಿಗೆ ಅವನ ಕೈಯಿಂದ ಬಂದಿರಲಿಲ್ಲ. ಬೆಕ್ಕು ಬಂದು ಪೆಟ್ಟಿಗೆಯ ಮೇಲೆ ಮಲಗಿದ್ದು ಮೂರು ಹೊತ್ತೂ ಊಟಕ್ಕೆ ಏಳಲಿಲ್ಲ.

"ಏನ್ರೀ ಇದು, ಕಂಪ್ಯೂಟರೋ ದಿಂಬೋ?"

"ಕಿವಿಗೊಟ್ಟು ಕೇಳು. ಏನಾದ್ರೂ ಕೇಳಿಸ್ತಿದ್ಯಾ?"

"ಇಲ್ಲ."

"ಹಾಂ! ಅದಕ್ಕೇ ನನ್ನ ಕಟ್ಕೊಂಡಿದ್ದು ನೀನು."

ಶುಕ್ರವಾರ ಮೈಕಮ್ಮ ಪಾಠ ಓದಿದಳು. ಸದ್ದು ಸೋಸುವ ಕೆಲಸ ಕಂಪ್ಯೂಟರಿಗೆ ವಹಿಸಿದರು. ಯಂತ್ರ ಅರ್ಧ ದಾರಿಗೆ ಹೋಗಿ, ಪುಸಕ್ಕನೆ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು; ಓದಿಟ್ಟ ಪಾಠವೂ ಅದರ ಹೊಟ್ಟೆಯೊಳಗೇ ಕೆಟ್ಟುಹೋಯಿತು. ಪ್ರೊಸೆಸರಿನ ಬಿಸಿ ತೋರಿಸುವ ಅಂಕಿ ತೊಂಬತ್ತೇಳು ದಾಟಿ ನೂರರ ಹೊಸ್ತಿಲು ಮುಟ್ಟುತ್ತಿತ್ತು. ಮುಟ್ಟಿದ ಕೂಡಲೇ, ಸುಟ್ಟುಹೋಗುವುದಕ್ಕಿಂತ ಮಲಗುವುದು ಮೇಲೆಂದು ಯಂತ್ರ ತಾನಾಗಿಯೇ ಕಣ್ಣು ಮುಚ್ಚುತ್ತಿತ್ತು.

"ನೀರು ಕುದಿಯೋಕೆ ಇಷ್ಟೇ ಸಾಕು ಭಾವ. ಮೇಲೊಂದು ಪಾತ್ರೆ ಇಡಿ, ಗ್ಯಾಸಾದ್ರೂ ಉಳಿಯತ್ತೆ" ಎಂದ ಭಾಮೈದ.

"ನಿನ್ನ ನಾಲಿಗೆ ಮೇಲಿಟ್ರೆ ಇನ್ನೂ ಬೇಗ ಕುದಿಯತ್ತೆ. ಸ್ಕ್ರೂ ಡ್ರೈವರ್ ಕೊಡೋ."

ಪ್ರೊಸೆಸರಿಗೂ ಅದರ ತಲೆಯ ಮೇಲೆ ಕೂರುವ ಕೂಲರಿಗೂ ನಡುವೆ ಬೂದು ಬಣ್ಣದ ಪೇಸ್ಟ್ ಹಚ್ಚಿರುತ್ತಾರೆ. ಒಂದರ ಬಿಸಿ ಇನ್ನೊಂದಕ್ಕೆ ದಾಟಲಿ ಎಂದು. ಅದು ಒಣಗಿರಬೇಕೆಂದುಕೊಂಡು ಕುಶನಪ್ಪ ಶನಿವಾರ ಬೆಳಿಗ್ಗೆ ಕೂಲರ್ ಬಿಚ್ಚಿ, ಹಳೆಯದನ್ನು ಒರೆಸಿ, ಕಡಲೆಕಾಳಿನಷ್ಟು ಹೊಸದನ್ನಿಟ್ಟು ಕೂರಿಸಿದ. ಸೋಫಾದ ಕಾಲಿಗೆ ಮಾಡುವಂತೆ ಮೂಲೆಯಿಂದ ಎದುರು ಮೂಲೆಗೆ ಸ್ಕ್ರೂ ಬಿಗಿದ. ಬಿಸಿ ಎರಡು ಡಿಗ್ರಿ ಇಳಿಯಿತು. ಭಾಮೈದ ಟೇಬಲ್ ಫ್ಯಾನ್ ತಂದು ಪೆಟ್ಟಿಗೆಯ ಮುಖಕ್ಕೆ ಹಿಡಿದ. ಕ್ಯಾಲೆಂಡರ್ ಹಾರಿತು, ಬೆಕ್ಕು ಹಾರಿತು, ಪಕ್ಕದ ಮನೆಯವರ ಒಗೆದ ಬಟ್ಟೆ ಕೂಡ ಹಾರಿತೆಂದು ದೂರು ಬಂತು. ಬಿಸಿ ಮಾತ್ರ ಕದಲಲಿಲ್ಲ.

"ಪ್ರೊಸೆಸರ್ರೇ ಹೋಗಿದೆ ಭಾವ. ಹಳೇದು ತಂದ್ರೆ ಹೀಗೇ. ಬೇರೆ ಹುಡುಕೋಕೆ ವಾರ ಬೇಕು."

ವಾರವೆಲ್ಲಿತ್ತು? ಮೈಕಮ್ಮ ಪಾಠದ ಹಾಳೆಗಳನ್ನು ಮಡಚಿ ಕಪಾಟಿನ ಮೇಲಿಟ್ಟಳು. "ಹೋಗ್ಲಿ ಬಿಡ್ರಿ. ಬೇರೆ ಯಾರಾದ್ರೂ ಓದ್ತಾರೆ" ಎಂದಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಕುಶನಪ್ಪ ಎಂದೂ ಕೇಳಿರಲಿಲ್ಲ. ಮೆತ್ತಗಿರುವುದರಿಂದಲೇ ಅನ್ನ ತಿಂದವನಿಗೆ ಆ ಮೆತ್ತಗಿನ ಮಾತು ಕಲ್ಲಿನಂತೆ ತಾಕಿತು.

"ಹೋಗ್ಲಿ ಬಿಡೋ ಮಾತೇ ಇಲ್ಲ. ನೀನೂ ಒಂದ್ಸಲ ಮುಟ್ಟಿ ನೋಡು."

ಮೈಕಮ್ಮ ಮುಟ್ಟಿ ನೋಡಿದಳು. ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದಳು. ಗಾಳಿ ಬರುವುದೋ ಇಲ್ಲವೋ ಎಂಬಷ್ಟು. ಮುಂದೆ ಹಿಡಿದಳು, ರೆಕ್ಸಿನ್ ಬೆಚ್ಚಗಿತ್ತು, ಅಷ್ಟೆ. ಮೈಕಿನ ಮುಂದೆ ಕೂತವರಿಗೆ ಮೊದಲು ಗೊತ್ತಾಗಬೇಕಾದ್ದು ಉಸಿರು ಎಲ್ಲಿ ಎಳೆಯಬೇಕು ಎನ್ನುವುದು.

"ಇದು ಉಸಿರು ಎಳ್ಕೊಳ್ಳೋದು ಎಲ್ಲಿಂದ?" ಎಂದಳು.

"ಮುಂದಿನಿಂದ. ಆ ತೂತುಗಳಿಂ..." ಎನ್ನುತ್ತ ಕುಶನಪ್ಪ ಆ ತೂತುಗಳ ಮೇಲೆ ತಾನೇ ಹಾಕಿದ ಹೊಲಿಗೆಯನ್ನು ನೋಡಿದ.

ಭಾಮೈದ ಪೆಟ್ಟಿಗೆಯ ಪಕ್ಕದ ಬಾಗಿಲನ್ನು, ಅದಕ್ಕೆ ತೊಡಿಸಿದ್ದ ಅಂಗಿಯ ಸಮೇತ, ಎಳೆದು ತೆಗೆದ. ಒಳಗಿನಿಂದ ಬಿಸಿಗಾಳಿ ರೊಟ್ಟಿ ಭಟ್ಟಿಯಿಂದ ಬಂದಂತೆ ಮುಖಕ್ಕೆ ಹೊಡೆಯಿತು. ಅಂಕಿ ಇಳಿಯತೊಡಗಿತು. ತೊಂಬತ್ತು, ಎಂಬತ್ತು, ಎಪ್ಪತ್ತರ ಹತ್ತಿರ ಹೋಗಿ ನಿಂತಿತು. ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಉಣ್ಣೆಯ ಕೋಟು ತೊಡಿಸಿ, ಮೂಗು ಬಾಯಿ ಹೊಲಿದು, ಬೆಟ್ಟ ಹತ್ತು ಎಂದರೆ ಯಾವ ಪೈಲ್ವಾನ ತಾನೇ ಹತ್ತಿಯಾನು?

"ಭಾವ, ನೀವು ಹೊಲಿದದ್ದು ಕಂಪ್ಯೂಟರಿಗೆ ಕವರಲ್ಲ, ಹೆಣದ ಪೆಟ್ಟಿಗೆ!"

"ಸುಮ್ನಿರೋ" ಎಂದಳು ಮೈಕಮ್ಮ.

ಕುಶನಪ್ಪ ಹೊಲಿಗೆ ಬಿಚ್ಚುವ ಕೊಂಡಿಯನ್ನು ಕೈಗೆತ್ತಿಕೊಂಡ. ಬೇರೆಯವರ ಹೊಲಿಗೆ ಬಿಚ್ಚಿದ್ದು ಲೆಕ್ಕವಿಲ್ಲ; ತನ್ನದನ್ನು ಬಿಚ್ಚುವುದು ಇದೇ ಮೊದಲು. ಬಾಗಿಲು ತೆರೆದೇ ಇಟ್ಟು ಹೊಲಿಗೆ ಉಳಿಸಿಕೊಳ್ಳಬಹುದಲ್ಲ ಎಂಬ ಆಸೆಯೂ ಒಂದು ಗಳಿಗೆ ಬಂತು. ಕಪಾಟಿನ ಮೇಲಿನ ಹಾಳೆಗಳು ಕಣ್ಣಿಗೆ ಬಿದ್ದವು. ಮುಂಭಾಗದ ಹೊಲಿಗೆಯಿಂದಲೇ ಶುರುಮಾಡಿದ. ಗುಂಡಿಗಳು ಟಪಟಪನೆ ಉದುರಿದವು. ಒಳಗಿನ ಫೋಮನ್ನೂ ಕಿತ್ತು, ಅಂಟನ್ನು ಕೆರೆದು, ಬರಿಮೈಯ ಪೆಟ್ಟಿಗೆಯನ್ನು ಕಿಟಕಿಯ ಪಕ್ಕಕ್ಕಿಟ್ಟ. ಬಾಗಿಲು ಮುಚ್ಚಿದ ಮೇಲೂ ಬಿಸಿ ಎಪ್ಪತ್ತೆರಡು ದಾಟಲಿಲ್ಲ. ತಣ್ಣಗಾದ ಫ್ಯಾನುಗಳು ಮೊದಲಿನಂತೆ ಅರಚುವುದನ್ನೂ ಬಿಟ್ಟಿದ್ದವು. ಆದರೂ ಒಂದು ಗೊಣಗು ಉಳಿದಿತ್ತು. ಭಾನುವಾರ ಬೆಳಿಗ್ಗೆ ಮೈಕಮ್ಮ ಓದಿದ್ದನ್ನು ಸೋಸಿ ಕೇಳಿದರೆ, ಗೊಣಗಿನ ಜೊತೆ ಅವಳ ದನಿಯೂ ಅಲ್ಲಲ್ಲಿ ಸೋಸಿಹೋಗಿ, ಬಾವಿಯೊಳಗಿಂದ ಮಾತಾಡಿದಂತಿತ್ತು.

ಕುಶನಪ್ಪ ನೆಲದ ಮೇಲೆ ರಾಶಿ ಬಿದ್ದಿದ್ದ ಫೋಮನ್ನು ನೋಡಿದ. ಹೆಂಡತಿಯನ್ನು ನೋಡಿದ. ತಲೆ ಕೆರೆದುಕೊಂಡ.

"ಏಳು ಮಾರಾಯ್ತಿ. ಆ ಮೂಲೆಗೆ ಹೋಗಿ ನಿಲ್ಲು. ನಿನ್ನ ಅಳತೆ ತಗೋಬೇಕು."

"ನಂಗೂ ಮೆತ್ತೆ ಹೊಲಿತೀರಾ?"

"ಮೊದಲೇ ಹೊಲೀಬೇಕಿತ್ತು. ಯಂತ್ರಕ್ಕೆ ಗಾಳಿ ಬೇಕು, ನಿನಗೆ ಸದ್ದಿಲ್ಲದ ಜಾಗ ಬೇಕು. ನಾನು ಕೋಟನ್ನ ತಪ್ಪು ಮನುಷ್ಯರಿಗೆ ತೊಡಿಸಿದ್ದೆ."

ಹೊಲಿಗೆ ಕೋಣೆಯಲ್ಲಿದ್ದ ಹಳೇ ಸೋಫಾಗಳ ಮರದ ಚೌಕಟ್ಟು ಬಂತು. ಬಾಗಿಲ ಹಿಂದಿನ ಮೂಲೆಯಲ್ಲಿ ಮೂರು ಕಡೆ ಫೋಮ್ ಗೋಡೆ ಎದ್ದಿತು, ಮೇಲೊಂದು ಫೋಮ್ ಸೂರು. ಕೆಂಪು ರೆಕ್ಸಿನ್ ಹಾಕಹೊರಟವನನ್ನು ಭಾಮೈದ ತಡೆದು, "ಭಾವ, ಅದರ ಮೇಲೆ ಸದ್ದು ಜಾರತ್ತೆ, ಬಟ್ಟೆ ಹಾಕಿ" ಎಂದ. ಜೀವಮಾನದಲ್ಲಿ ಅವನು ಆಡಿದ ಮೊದಲ ಸರಿಯಾದ ಮಾತು ಅದೆಂದು ಕುಶನಪ್ಪ ಇಂದಿಗೂ ಹೇಳುತ್ತಾನೆ. ಆ ಗೂಡಿನೊಳಗೆ ಎಂಥಾ ನಿಶ್ಶಬ್ದವೆಂದರೆ, ಅಲ್ಲಿ ನಿಂತರೆ ನಾಳೆ ಏನು ಯೋಚಿಸುತ್ತೇವೆಂಬುದು ಕೂಡ ಇವತ್ತೇ ಕೇಳಿಸುತ್ತಿತ್ತು.

ಸಂಜೆ ಮೈಕಮ್ಮ ಒಳಗೆ ಕೂತು ಸನ್ನೆಕೋಲಿನ ಪಾಠ ಓದಿದಳು. ಒಂದು ಪುಟ್ಟ ಕೋಲು ದೊಡ್ಡ ಬಂಡೆಯನ್ನು ಹೇಗೆ ಎತ್ತುತ್ತದೆ ಎಂದು ಅವಳು ಹೇಳಿದ ರೀತಿಗೆ, ಹೊರಗೆ ಕೂತಿದ್ದ ಭಾಮೈದ ತನಗೇ ಗೊತ್ತಿಲ್ಲದೆ ಬೆಂಚಿನ ತುದಿ ಹಿಡಿದು ಎತ್ತಿದ. ಸೋಸುವ ಕೆಲಸ ಶುರುವಾಯಿತು. ಮೂವರೂ ಅಂಕಿಯನ್ನೇ ನೋಡುತ್ತ ಕೂತರು. ಎಪ್ಪತ್ತು. ಎಪ್ಪತ್ತೊಂದು. ಯಂತ್ರ ಆರಲಿಲ್ಲ. ಪಾಠ ಕೊನೆ ಮುಟ್ಟಿತು. ಸೋಮವಾರಕ್ಕೆ ಮೊದಲೇ ಶಾಲೆಗೆ ಹೋಯಿತು.

ಗುರುವಾರ ಫೋನ್ ಬಂತು. ಮೈಕಮ್ಮ "ಹೂಂ, ಹೂಂ" ಎನ್ನುತ್ತ ಕೇಳಿದಳು. ಮುಖದಿಂದ ಏನೂ ತಿಳಿಯಲಿಲ್ಲ. ಅವಳು ಫೋನ್ ಕೆಳಗಿಟ್ಟು ಹೊಲಿಗೆ ಕೋಣೆಯ ಬಾಗಿಲಿಗೆ ಬಂದಾಗ ಕುಶನಪ್ಪ ಕಾರಿನ ಸೀಟೊಂದರ ಮೇಲೆ ಮಿಷನ್ ಓಡಿಸುತ್ತಿದ್ದ.

"ಪುಸ್ತಕ ಪೂರ್ತಿ ಓದ್ಬೇಕಂತೆ" ಎಂದಳು. ಆಮೇಲೆ, ಎಷ್ಟೋ ಬಸ್ಸುಗಳನ್ನು ಹೊರಡಿಸಿದ ಆ ದನಿಯನ್ನು ಪೂರ್ತಿ ತೆರೆದು, "ಆ ಗಡಗಡ ನಿಲ್ಸಿ ಈಗ! ಇಲ್ಲಿ ಜನ ಕೆಲಸ ಮಾಡೋದು ಬೇಡ್ವಾ?" ಎಂದು ಗದರಿಸಿದಳು.

ಮಿಷನ್ನಿನ ಪೆಡಲಿನಿಂದ ಕುಶನಪ್ಪ ಎರಡೂ ಕಾಲನ್ನು ಒಟ್ಟಿಗೇ ಎತ್ತಿದ.